ಮಲಗಿದವರ ಪಕ್ಕ ಕೂತವರು

ಮಧ್ಯಾಹ್ನ ಎರಡು ಗಂಟೆ ನಲವತ್ತೊಂದು ನಿಮಿಷ. ಗಲ್ಫಿನ ಈ ಸಲ್ಮಾಬಾದಿನ ನಮ್ಮ ಕೋಲ್ಡ್ ಸ್ಟೋರಿನ ಆಫೀಸಿನ ಗೋಡೆಯಲ್ಲಿ ಕೆಂಪು ಅಂಕೆಗಳ ಒಂದು ಗಡಿಯಾರವಿದೆ. ಹೊತ್ತು ನೋಡಿದ್ದು ಅದರಲ್ಲಿ. ಆಗ ಯಾವ ಸದ್ದೂ ಆಗಲಿಲ್ಲ. ಇದ್ದ ಸದ್ದು ನಿಂತಿತು. ಒಂಬತ್ತು ವರ್ಷಗಳಿಂದ ಕೇಳುತ್ತಿದ್ದ ಕಂಪ್ರೆಸರುಗಳ ಗುಂಯ್ ಎನ್ನುವ ಸದ್ದು ನನ್ನ ಕಿವಿಯೊಳಗೇ ಹುಟ್ಟಿದ್ದೋ ಎನ್ನುವಷ್ಟು ಅಭ್ಯಾಸವಾಗಿಹೋಗಿತ್ತು. ಅದು ನಿಂತ ಕೂಡಲೇ ಕಾಗದದಿಂದ ತಲೆಯೆತ್ತಿದೆ. ಎದುರಿಗೆ ಕಿತ್ತಳೆ ಸುಲಿಯುತ್ತಿದ್ದವರು ಹಣ್ಣನ್ನು ಮೇಜಿನ ಮೇಲಿಟ್ಟು, ಅಂಗೈಯನ್ನು ಗೋಡೆಗೆ ಒತ್ತಿ, ಕಣ್ಣು ಮುಚ್ಚಿ, ಸ್ವಲ್ಪ ಹೊತ್ತು ಹಾಗೇ ಇದ್ದರು.

"ಉಸಿರು ಹಿಡಿದಿದೆ," ಅಂದರು.

ಆಮೇಲೆ ವಾಸನೆ ಬಂತು.

ಆ ಮಧ್ಯಾಹ್ನದ ಬಗ್ಗೆ ವಿಚಾರಣೆಯ ಕಾಗದಗಳಲ್ಲಿ ಬರೆದುಕೊಟ್ಟಿದ್ದೇನೆ, ಎರಡು ಸಲ ಸಹಿಯನ್ನೂ ಹಾಕಿದ್ದೇನೆ. ಇಲ್ಲಿ ಬರೆಯಬೇಕೆಂದಿರುವುದು ಗೋಡೆಗೆ ಅಂಗೈ ಒತ್ತಿದ ಆ ಮನುಷ್ಯನ ಬಗ್ಗೆ. ಅವರ ಹೆಸರನ್ನು ಮಾತ್ರ ಬರೆಯುವುದಿಲ್ಲ. ಯಾಕೆಂದು ಮುಂದೆ ಹೇಳುತ್ತೇನೆ.

ಅವರು ಇಂಡೋನೇಷ್ಯಾದವರು. ಸುಲಾವೆಸಿ ಎಂಬ ದ್ವೀಪದ ನಡುವೆ ಬೆಟ್ಟಗಳ ಸೀಮೆಯೊಂದಿದೆ, ಅಲ್ಲಿಯ ಜನರಿಗೆ ತೊರಾಜಾ ಎನ್ನುತ್ತಾರೆ. ಐವತ್ತೆರಡರ ವಯಸ್ಸು, ಗಿಡ್ಡ ಆಳು, ಎಣಿಸಬಹುದಾದಷ್ಟೇ ಮೀಸೆ. ಹನ್ನೊಂದು ವರ್ಷಗಳಿಂದ ಮೂರನೇ ನಂಬರಿನ ಕೋಣೆಯ ಉಸ್ತುವಾರಿ ಅವರದು. ಕುರಿ ಮಾಂಸ ಮತ್ತು ಕೋಳಿ ಇಡುವ ಕೋಣೆ. ನಾನು ಲೆಕ್ಕಪತ್ರದ ಜೊತೆಗೆ 'ಸೇಫ್ಟಿ' ಎಂಬ ಹೆಸರಿನ ಕೆಲಸವನ್ನೂ ನೋಡುವವನು. ಮಂಗಳೂರಿನ ಕಾಲೇಜಿನಲ್ಲಿ ಬಿ.ಕಾಂ., ಇಲ್ಲಿ ಎರಡು ದಿನದ ಒಂದು ತರಬೇತಿ, ಅದಕ್ಕೊಂದು ಸರ್ಟಿಫಿಕೇಟು. ನಮ್ಮಿಬ್ಬರ ನಡುವೆ ಓಡುತ್ತಿದ್ದುದು ಗಲ್ಫಿನ ಹಿಂದಿ. ಕ್ರಿಯಾಪದಗಳಿಗೆ ರಜೆ ಕೊಟ್ಟ ಆ ಭಾಷೆಯನ್ನು ಇಲ್ಲಿ ಕನ್ನಡ ಮಾಡಿಕೊಂಡಿದ್ದೇನೆ.

ಅವರು ಕೋಣೆಯೊಳಗೆ ಹಾಗೇ ನುಗ್ಗುತ್ತಿರಲಿಲ್ಲ. ದಪ್ಪ ಬಾಗಿಲಿಗೆ ಮೂರು ಸಲ ಬಡಿದು, ತಮ್ಮ ಭಾಷೆಯಲ್ಲಿ ಏನೋ ಅಪ್ಪಣೆ ಕೇಳಿ, ಒಂದು ಕ್ಷಣ ನಿಂತು, ಆಮೇಲೆ ಹಿಡಿ ಎಳೆಯುವರು. ನಮ್ಮ ಯಂತ್ರಗಳನ್ನು ನೋಡಿಕೊಳ್ಳುವ ಟೆಕ್ನೀಷಿಯನ್ ಅಶ್ರಫ್, ಬಂಟ್ವಾಳ ಕಡೆಯವನು. ಅವನಿಗೆ ಇದೊಂದು ತಮಾಷೆ.

"ಎಂತ ಮಾರಾಯ್ರೆ, ಒಳಗಿರುವುದು ಆಸ್ಟ್ರೇಲಿಯಾದ ಕುರಿ. ಅದೂ ತಲೆ ಇಲ್ಲದ್ದು. ಅದಕ್ಕೆ ಬಾಗಿಲು ಬಡಿದ್ರೆ ಯಾರು ಬಂದು ತೆಗೀತಾರೆ?"

"ತೆಗೆಯಲಿ ಅಂತ ಅಲ್ಲ," ಅವರು ನಗುತ್ತಲೇ ಹೇಳುವರು, "ಮಲಗಿದವರ ಕೋಣೆಗೆ ಹೋಗುವಾಗ ಹೇಳಿ ಹೋಗಬೇಕು."

ಹೊರಗೆ ಬರುವಾಗ ಒಂದು ಬಲ್ಬು ಉರಿಯುತ್ತಲೇ ಇರಬೇಕು. ಈ ವಿಷಯದಲ್ಲಿ ಮ್ಯಾನೇಜರರು ಎರಡು ಸಲ ಮೆಮೋ ಕೊಟ್ಟರು. ಇವರು ಎರಡನ್ನೂ ಮಡಿಸಿ ಜಾಕೆಟಿನ ಕಿಸೆಯಲ್ಲಿಟ್ಟುಕೊಂಡರೇ ಹೊರತು ಬಲ್ಬು ಆರಿಸಲಿಲ್ಲ.

ಜುಲೈ ಮತ್ತು ಆಗಸ್ಟಿನಲ್ಲಿ ಇಲ್ಲಿ ಮಧ್ಯಾಹ್ನ ಹನ್ನೆರಡರಿಂದ ನಾಲ್ಕರ ತನಕ ಬಯಲಲ್ಲಿ ಕೆಲಸ ಮಾಡಿಸುವ ಹಾಗಿಲ್ಲ. ಲಾರಿಗಳು ಬರುವುದಿಲ್ಲ, ಲೋಡಿಂಗಿನ ಹುಡುಗರು ಕ್ಯಾಂಪಿಗೆ ಹೋಗಿ ಮಲಗುತ್ತಾರೆ, ಇಡೀ ಸಲ್ಮಾಬಾದ್ ಹಗಲಲ್ಲೇ ನಿದ್ದೆ ಹೋಗುತ್ತದೆ. ಆ ನಾಲ್ಕು ಗಂಟೆಗಳಲ್ಲಿ ಅವರು ಊರಿನ ಕಥೆ ಹೇಳುತ್ತಿದ್ದರು. ಹೊರಗೆ ನಲವತ್ತೈದು ಡಿಗ್ರಿ, ಗೋಡೆಯ ಆಚೆ ಸೊನ್ನೆಗಿಂತ ಹದಿನೆಂಟು ಕೆಳಗೆ, ನಡುವೆ ನಾವಿಬ್ಬರು.

ಅವರ ಮನೆ ಕಂಬಗಳ ಮೇಲೆ ನಿಂತದ್ದು. ಮಾಡಿನ ಎರಡೂ ತುದಿ ದೋಣಿಯ ಹಾಗೆ ಮೇಲೆದ್ದಿದೆ. ಮುಖ ಉತ್ತರಕ್ಕೆ. ಎದುರಿಗೆ ಅದರದೇ ಮರಿಯ ಹಾಗೆ ಅಕ್ಕಿಯ ಕಣಜ. ಮುಂದಿನ ಕಂಬದಲ್ಲಿ ಎಷ್ಟೋ ತಲೆಮಾರಿನ ಕೋಣಗಳ ಕೊಂಬುಗಳು ಒಂದರ ಮೇಲೊಂದು. ಆ ಮನೆಯನ್ನು ಮಾರುವ ಹಾಗಿಲ್ಲ, ಪಾಲು ಮಾಡುವ ಹಾಗಿಲ್ಲ. ಅದರಲ್ಲಿ ಹುಟ್ಟಿದ ಎಲ್ಲರದೂ ಅದು, ಸತ್ತವರನ್ನೂ ಸೇರಿಸಿ. ಬೀಗ ಇಲ್ಲವಂತೆ.

"ಕಳ್ಳರ ಭಯ ಇಲ್ಲವಾ?" ಕೇಳಿದೆ.

"ಮಮ್ಮಿ ಇದ್ದಾಳಲ್ಲ. ಹುಷಾರಿಲ್ಲ, ಮಲಗಿದ್ದಾಳೆ. ಮಲಗಿದವರು ಇರುವ ಮನೆಗೆ ಕಳ್ಳ ಬರುವುದಿಲ್ಲ."

ನಾನು ಕಿನ್ನಿಗೋಳಿಯ ಹತ್ತಿರ ಕಟ್ಟಿಸಿದ ಮನೆಯನ್ನು ಮೊಬೈಲಿನಲ್ಲಿ ತೋರಿಸಿದೆ. ನಾಲ್ಕು ಕ್ಯಾಮೆರಾ ಹಾಕಿಸಿದ್ದೇನೆ, ಇಲ್ಲಿ ಕೂತೇ ಜಗಲಿ, ಗೇಟು, ಹಿತ್ತಿಲು ಎಲ್ಲ ಕಾಣುತ್ತದೆ. ಅವರು ಬಹಳ ಹೊತ್ತು ಆ ಖಾಲಿ ಜಗಲಿಯನ್ನೇ ನೋಡಿದರು. "ಒಳಗೆ ಯಾರೂ ಮಲಗಿಲ್ಲವಾ?" ಎಂದು ಕೇಳಿದರು. ಇಲ್ಲ ಎಂದೆ. "ಹಾಗಾದರೆ ಅದನ್ನು ಕಾಯುವವರು ಯಾರು?" ಕ್ಯಾಮೆರಾ ಎಂದು ಹೇಳಲು ನನಗೆ ನಾಚಿಕೆಯಾಯಿತು.

ಅವರ ಊರಿನಲ್ಲಿ ಬೀಗ ಇರುವುದು ಸತ್ತವರಿಗೆ. ಬಂಡೆಯ ಎತ್ತರದಲ್ಲಿ ಗುಹೆ ಕೊರೆದು ಹೆಣ ಇಟ್ಟು, ಅದರ ಹೊರಗೆ ಆ ಮನುಷ್ಯನದೇ ಮರದ ಗೊಂಬೆ ಕೆತ್ತಿ, ಬಟ್ಟೆ ತೊಡಿಸಿ ನಿಲ್ಲಿಸುತ್ತಾರಂತೆ. ಕಣ್ಣು ತೆರೆದುಕೊಂಡು ಗದ್ದೆಗಳನ್ನು ನೋಡುತ್ತಿರುವ ಗೊಂಬೆಗಳು. ಹಳೆಯ ವಸ್ತು ಸಂಗ್ರಹಿಸುವ ಶ್ರೀಮಂತರಿಗಾಗಿ ಕಳ್ಳರು ಅವನ್ನು ಕದಿಯತೊಡಗಿದ ಮೇಲೆ ಹಲವು ಕಡೆ ಕಬ್ಬಿಣದ ಸರಳು ಹಾಕಿ ಬೀಗ ಜಡಿದಿದ್ದಾರೆ. ಇವರ ಅಜ್ಜನ ಗೊಂಬೆ ಕಳುವಾದಾಗ ಇವರಿಗೆ ಎಂಟು ವರ್ಷ. ಬೆಳಿಗ್ಗೆ ಎದ್ದು ನೋಡಿದರೆ ಸಾಲಿನಲ್ಲಿ ಅಜ್ಜನಷ್ಟು ಅಗಲದ ಒಂದು ಖಾಲಿ ಜಾಗ.

ಒಂದು ಶುಕ್ರವಾರ, ಇಲ್ಲಿಯ ವಾರದ ರಜೆಯ ದಿನ, ಪೂಜೆ ಮುಗಿಸಿ ಮನಾಮಾದ ಹಳೆ ಪೇಟೆ, ಸೂಕಿನಲ್ಲಿ, ನಡೆಯುತ್ತಿದ್ದೆವು. ಅವರೂ ಕ್ರೈಸ್ತರು, ನಮ್ಮ ಇಗರ್ಜಿಗೇ ಬರುವವರು, ಕೊನೆಯ ಬೆಂಚಿನಲ್ಲಿ ಕೂರುವವರು. ಹಳೆಯ ಸಾಮಾನು ಮಾರುವ ಒಂದು ಅಂಗಡಿಯ ಮುಂದೆ ಗಕ್ಕನೆ ನಿಂತರು. ಒಳಗೆ ಎಲ್ಲಿಂದಲೋ ಬಂದ ಮರದ ವಿಗ್ರಹಗಳು. ಗಾಜಿಗೆ ಹಣೆ ತಾಗಿಸಿ ಒಂದೊಂದರ ಮುಖವನ್ನೂ ನೋಡುತ್ತಾ ಹೋದರು. ಅಂಗಡಿಯವನು ಗಿರಾಕಿ ಬಂದನೆಂದು ಹೊರಗೆ ಬಂದ.

"ಏನು ಹುಡುಕುವುದು?" ಎಂದೆ.

"ಅಜ್ಜನನ್ನು. ಎಲ್ಲೋ ಒಂದು ಅಂಗಡಿಯಲ್ಲಿ ನಿಂತಿರಬೇಕಲ್ಲ ಅವನು."

"ಸಿಕ್ಕಿದರೆ?"

"ಮನೆಗೆ ಕರೆದುಕೊಂಡು ಹೋಗುತ್ತೇನೆ," ಅಂದರು. ಮಳೆಗೆ ಸಿಕ್ಕಿಹಾಕಿಕೊಂಡ ಮಗುವನ್ನು ಶಾಲೆಯಿಂದ ಕರೆತರುವ ಮಾತಿನ ಹಾಗೆ ಹೇಳಿದರು.

ಗೋಡೆಗೆ ಅಂಗೈ ಒತ್ತುವ ಅಭ್ಯಾಸವೂ ಊರಿನದೇ. ಅಲ್ಲಿ ಮಳೆಗಾಲದಲ್ಲಿ ಗುಡ್ಡ ಜಾರುತ್ತದೆ. ಜಾರುವ ಮೊದಲು ಅದು ಉಸಿರು ಹಿಡಿಯುತ್ತದಂತೆ. ಮನೆಯ ಕಂಬಕ್ಕೆ ಕೈಯಿಟ್ಟರೆ ಗೊತ್ತಾಗುತ್ತದಂತೆ. ಮಕ್ಕಳಿಗೆ ನಡೆಯಲು ಬಂದ ಕೂಡಲೇ ಇದನ್ನು ಕಲಿಸುತ್ತಾರೆ. "ನಿಮ್ಮ ಸೇಫ್ಟಿ ಸರ್ಟಿಫಿಕೇಟಿನಲ್ಲಿ ಇದು ಉಂಟಾ?" ಎಂದು ನನ್ನನ್ನು ಕೆಣಕುವರು.

ದಿನಾ ಒಂದು ಗಂಟೆಗೆ ಅವರು ಮನೆಗೆ ಫೋನ್ ಮಾಡುತ್ತಿದ್ದರು. ಅಲ್ಲಿ ಆಗ ಸಂಜೆ ಆರು. ಕರೆ ಎತ್ತುವುದು ತಂಗಿ. ಕುವೈತಿನಲ್ಲಿ ಮೂರು ವರ್ಷ ಮನೆಗೆಲಸ ಮಾಡಿ ಬಂದವರು, ತುಂಡು ತುಂಡು ಇಂಗ್ಲಿಷ್ ಬಲ್ಲವರು. ತಂಗಿಯ ಜೊತೆ ಎರಡು ಮಾತು. ಉಳಿದ ಹದಿನೈದು ನಿಮಿಷ ತಾಯಿಯ ಜೊತೆ. ಊಟ ಆಯಿತಾ, ಕಾಫಿ ಕುಡಿದೆಯಾ, ಚಳಿಯಾಗುತ್ತದಾ, ಕಂಬಳಿ ಹೊದೆಸಿದ್ದಾರಾ. ಆ ಕಡೆಯಿಂದ ಉತ್ತರ ಬಂದದ್ದು ನಾನು ಕೇಳಿಲ್ಲ. ಪಾಪ, ಮಾತು ನಿಂತಿರಬೇಕು, ಪಾರ್ಶ್ವವಾಯು ಇರಬೇಕು ಎಂದುಕೊಂಡಿದ್ದೆ.

ಕಳೆದ ವರ್ಷ ಒಂದು ದಿನ ಫೋನನ್ನು ನನ್ನ ಕಡೆ ತಿರುಗಿಸಿ, "ಮಮ್ಮಿಗೆ ನಮಸ್ಕಾರ ಹೇಳಿ," ಅಂದರು. ನಾನು ಕೈ ಎತ್ತಿ "ನಮಸ್ಕಾರ ಅಮ್ಮಾ, ಹುಷಾರಾ?" ಎಂದೆ. ಪರದೆಯಲ್ಲಿ ಹಳದಿ ಬೆಳಕಿನ ಒಂದು ಕೋಣೆ. ಕೆಂಪು ಬಟ್ಟೆಯ ಹಾಸಿಗೆ. ಕನ್ನಡಕ ಹಾಕಿದ ಒಂದು ಮುಖ. ಪಕ್ಕದಲ್ಲಿ ಆವಿಯಾಡುತ್ತಿದ್ದ ಕಾಫಿಯ ಲೋಟ. ಆವಿ ಕನ್ನಡಕದ ಗಾಜಿನ ಮೇಲೆ ಕೂತು ಮೆಲ್ಲಗೆ ಆರಿತು. ಗಾಜಿನ ಹಿಂದಿನ ರೆಪ್ಪೆ ಒಮ್ಮೆಯೂ ಅಲುಗಲಿಲ್ಲ. ಚರ್ಮ ಹಳೆಯ ಚೀಲದ ಬಣ್ಣಕ್ಕೆ ತಿರುಗಿತ್ತು. ನನ್ನ ಎತ್ತಿದ ಕೈ ಎತ್ತಿದಂತೆಯೇ ಇತ್ತು.

"ಎಷ್ಟು ಸಮಯದಿಂದ ಹುಷಾರಿಲ್ಲ?" ಎಂದೆ, ಹೇಗೋ.

"ಒಂದು ವರ್ಷ ಆಯಿತು," ಅಂದರು.

ಅವರಲ್ಲಿ ಉಸಿರು ನಿಂತ ಕೂಡಲೇ ಯಾರೂ ಸಾಯುವುದಿಲ್ಲ. ದೊಡ್ಡ ಉತ್ತರಕ್ರಿಯೆಗೆ ಮಕ್ಕಳೆಲ್ಲ ಕೂಡುವ ತನಕ, ತಿಂಗಳೋ ವರ್ಷವೋ, ಅವರು ರೋಗಿ. ಕೆಡದ ಹಾಗೆ ಮದ್ದು ಹಾಕಿ, ಪಶ್ಚಿಮಕ್ಕೆ ತಲೆ ಮಾಡಿ ಮನೆಯೊಳಗೇ ಮಲಗಿಸುತ್ತಾರೆ. ಊಟ ಇಡುತ್ತಾರೆ, ಮಾತಾಡಿಸುತ್ತಾರೆ. ಒಂಟಿಯಾಗಿ ಮಾತ್ರ ಬಿಡುವುದಿಲ್ಲ. ಯಾರಾದರೊಬ್ಬರು ಪಕ್ಕದಲ್ಲಿ ಕೂತಿರಲೇಬೇಕು. ಹಿರಿಯ ಮಗ ಬಂದು ನಿಂತು ತಲೆಯನ್ನು ದಕ್ಷಿಣಕ್ಕೆ ತಿರುಗಿಸಿದ ದಿನ ಆ ಮನುಷ್ಯ ಸತ್ತ. ಅವರ ಮನೆಯಲ್ಲಿ ಹಿರಿಯ ಮಗ ಇವರೇ. ಇವರು ಹೋಗುವ ತನಕ ತಾಯಿಗೆ ಸಾಯುವುದಕ್ಕಿರಲಿಲ್ಲ.

ಇದೆಲ್ಲ ಗೊತ್ತಾದ ಮೇಲೂ ನಾನೊಂದು ತಪ್ಪು ಮಾಡಿದೆ. ನವೆಂಬರ್ ನಮಗೆ ಸತ್ತವರ ತಿಂಗಳು. ಇಗರ್ಜಿಯಲ್ಲಿ ಮನೆಯ ಸತ್ತವರ ಹೆಸರು ಬರೆದು ಕೊಟ್ಟರೆ ಪೂಜೆಯಲ್ಲಿ ಓದುತ್ತಾರೆ. ನನ್ನ ಅಪ್ಪ, ದೊಡ್ಡಪ್ಪನ ಹೆಸರು ಬರೆಯುವಾಗ ಉಪಕಾರವಾಗಲಿ ಎಂದು ಅವರ ತಾಯಿಯ ಹೆಸರನ್ನೂ ಬರೆದುಬಿಟ್ಟೆ. ಫಾದರ್ ಓದಿದರು. ಹಿಂದೆ ಬೆಂಚು ಕಿರುಗುಟ್ಟಿದ್ದು ಕೇಳಿ ತಿರುಗಿದೆ. ಅವರು ಎದ್ದು, ಬಿಸಿಲಿಗೆ ಹೊರಟುಹೋಗುತ್ತಿದ್ದರು.

ಮರುದಿನ ನನ್ನ ಮೇಜಿನ ಮುಂದೆ ಬಂದು ನಿಂತರು. ಸಿಟ್ಟಿರಲಿಲ್ಲ. ಹೆದರಿದ್ದರು.

"ನೀವು ಅವಳನ್ನು ದಾರಿಯ ಮಧ್ಯೆ ಇಳಿಸಿಬಿಟ್ಟಿರಿ," ಅಂದರು. "ತಂಗಿ ಹೇಳಿದಳು, ನಿನ್ನೆ ಕೋಣೆಯ ದೀಪ ತಾನಾಗಿ ಆರಿಹೋಯಿತಂತೆ. ಹೊಸ ಬಲ್ಬು ಅದು."

ಕ್ಷಮೆ ಕೇಳಿದೆ. ಮೂರು ದಿನ ಅವರು ಗಂಟೆಗೊಮ್ಮೆ ಊರಿಗೆ ಫೋನ್ ಮಾಡಿದರು. ನಾಲ್ಕನೆಯ ದಿನ ತಾವೇ ಒಂದು ದಾರಿ ಹುಡುಕಿದರು: ಪ್ರತಿ ವಾರ ರೋಗಿಗಳ ಪಟ್ಟಿಯನ್ನೂ ಓದುತ್ತಾರಲ್ಲ, ಅದರಲ್ಲಿ ಬರೆಯಿರಿ. ಬರೆದೆ. ಆಮೇಲಿಂದ ಆಕೆಯ ಹೆಸರು ಮಂಡಿ ಆಪರೇಷನ್ ಆದವರ, ಬೈಪಾಸ್ ಆದವರ ಜೊತೆಗೆ ವಾರವಾರ ಕೇಳಿಬರುತ್ತಿತ್ತು. "ಇವರಿಗೆ ಇನ್ನೂ ಗುಣ ಆಗಲಿಲ್ಲವಾ? ಏನು ಕಾಯಿಲೆ?" ಎಂದು ಫಾದರ್ ಒಮ್ಮೆ ಕೇಳಿದಾಗ ನಾನು ಚಪ್ಪಲಿ ಹುಡುಕುವ ನೆಪ ಮಾಡಿ ಜಾರಿಕೊಂಡೆ.

ಈ ಸೆಪ್ಟೆಂಬರಿಗೆ ಅವರ ರಜೆ ಮಂಜೂರಾಗಿತ್ತು. ಊರಿನಲ್ಲಿ ಕೋಣಗಳು ಸಿದ್ಧ, ಬೇರೆ ಬೇರೆ ದ್ವೀಪಗಳಲ್ಲಿದ್ದ ನೆಂಟರಿಗೆ ತಿಳಿಸಿ ಆಗಿತ್ತು, ಅಂಗಳದಲ್ಲಿ ಬಿದಿರಿನ ಚಪ್ಪರ ಏಳುತ್ತಿತ್ತು. ಟಿಕೆಟಿನ ಕಾಗದವನ್ನು ಮೆಮೋಗಳ ಜೊತೆಗೇ ಜಾಕೆಟಿನ ಕಿಸೆಯಲ್ಲಿಟ್ಟುಕೊಂಡಿದ್ದರು. ಹೊರಡಲು ಮೂರು ವಾರ ಬಾಕಿ ಇದ್ದಾಗ ಆ ಎರಡು ನಲವತ್ತೊಂದು ಬಂತು.

ಕೋಣೆಗಳನ್ನು ತಣ್ಣಗಿಡುವ ಅಮೋನಿಯಾದ ವಾಸನೆ ಮೂಗಿಗೆ ಬರುವುದಲ್ಲ, ಹೊಡೆಯುವುದು. ಮೂರನೇ ಕೋಣೆಯ ಒಳಗಿನ ಒಂದು ಪೈಪು ಬಾಯಿ ಬಿಟ್ಟಿತ್ತು. ಬಾಗಿಲಿನ ಪ್ಲಾಸ್ಟಿಕ್ ಪರದೆಯ ಸಂದಿನಿಂದ ಬಿಳಿ ಹೊಗೆ, ಹೊಗೆಯೂ ಅಲ್ಲ, ಮಂಜು, ನೆಲದಲ್ಲಿ ಹರಿದು ಬರುತ್ತಿತ್ತು. ಅಶ್ರಫ್ ಹೊರಗಿನ ವಾಲ್ವಿಗೆ ಓಡಿದ, ಬೆಂಕಿ ಹತ್ತದಿರಲೆಂದು ಕರೆಂಟು ಕಡಿದ. ನಾನು ಸಿವಿಲ್ ಡಿಫೆನ್ಸಿಗೆ ಫೋನ್ ಮಾಡುತ್ತಲೇ ರಿಜಿಸ್ಟರ್ ಹಿಡಿದುಕೊಂಡು ಗೇಟಿನ ಹತ್ತಿರ, ನಾವೆಲ್ಲ ಕೂಡಬೇಕಾದ ಜಾಗಕ್ಕೆ ಬಂದೆ. ಆ ಹೊತ್ತಿಗೆ ಕೆಲಸದಲ್ಲಿದ್ದದ್ದು ಐದು ಜನ: ನಾನು, ಅವರು, ಅಶ್ರಫ್, ಗೇಟಿನ ಕಾವಲುಗಾರ, ಫೋರ್ಕ್‌ಲಿಫ್ಟ್ ಓಡಿಸುವ ಬಾಂಗ್ಲಾದೇಶದ ಜಮಾಲ್. ಜಮಾಲ್ ಮಧ್ಯಾಹ್ನ ದಿನಾ ಶೆಡ್ಡಿನಲ್ಲಿ ಮಲಗುವವನು. ಶೆಡ್ಡು ಹೊರಗಿದೆ. ನಾನು ನೋಡದೆಯೇ ಅವನ ಹೆಸರಿನ ಮುಂದೆ ಟಿಕ್ ಹಾಕಿದೆ.

"ಜಮಾಲ್ ಒಳಗಿದ್ದಾನೆ," ಅವರು ಅಂದರು. "ಪ್ಯಾಲೆಟ್ ಸರಿಸಲು ಹೋಗಿದ್ದ."

ಅವರು ಆಗಲೇ ಕುಡಿಯುವ ನೀರಿನ ಡ್ರಮ್ಮಿಗೆ ಟವೆಲ್ ಅದ್ದುತ್ತಿದ್ದರು. ನಾನು ಅವರ ಜಾಕೆಟಿನ ತೋಳು ಹಿಡಿದುಕೊಂಡೆ. "ಹೋಗಬೇಡಿ. ಮಾಸ್ಕ್ ಇಲ್ಲದೆ ಹೋದರೆ ಸಾಯುತ್ತೀರಿ. ಹತ್ತು ನಿಮಿಷದಲ್ಲಿ ರಕ್ಷಣೆಯವರು ಬರುತ್ತಾರೆ."

ಅವರು ನನ್ನ ಕೈಯನ್ನು ನೋಡಿದರು, ಮುಖವನ್ನಲ್ಲ.

"ಹತ್ತು ನಿಮಿಷ ಒಬ್ಬನೇ ಮಲಗಿರಬೇಕಾ?" ಅಂದರು.

ಆಮೇಲಿನದ್ದು ನನಗೆ ನೆನಪಿಲ್ಲ. ಅವರು ಕೊಸರಿಕೊಂಡರೋ ನಾನು ಬಿಟ್ಟೆನೋ. ಆ ತೋಳಿನ ನೈಲಾನ್ ಬಟ್ಟೆಯ ನುಣುಪು ಬೆರಳುಗಳಲ್ಲಿದೆ, ಅದು ಜಾರಿದ್ದೂ ಇದೆ. ಯಾರು ಜಾರಿಸಿದ್ದೆಂಬುದು ಇಲ್ಲ. ವಿಚಾರಣೆಯವರು ಇದನ್ನು ಕೇಳಲಿಲ್ಲ. ಇವರು ಮಂಜಿನ ಬಾಗಿಲಿಗೆ ಮೂರು ಸಲ ಬಡಿದು, ಅಪ್ಪಣೆ ಕೇಳಿ, ಒಳಗೆ ಹೋದರು. ಅಷ್ಟು ಮಾತ್ರ ಸ್ಪಷ್ಟವಾಗಿ ಕಂಡದ್ದು.

ಹತ್ತು ನಿಮಿಷವಲ್ಲ, ಇಪ್ಪತ್ತೇಳು ನಿಮಿಷ ಹಿಡಿಯಿತು. ಲೋಡಿಂಗ್ ಕಡೆಯ ಶಟರ್ ಕರೆಂಟಿಲ್ಲದೆ ಏಳಲಿಲ್ಲ, ಅದನ್ನು ಕತ್ತರಿಸಬೇಕಾಯಿತು. ಶಟರಿನ ಬುಡದ ರಬ್ಬರ್ ಒಂದು ಕಡೆ ಹರಿದಿತ್ತು. ಮೂರು ತಿಂಗಳಿಂದ ನನ್ನ ಕಡತದಲ್ಲಿ 'ಬಿಡಿಭಾಗಕ್ಕೆ ಬರೆಯಲಾಗಿದೆ' ಎಂದಿದ್ದ ರಬ್ಬರ್. ಹೊರಗಿನ ಗಾಳಿ ಬರುತ್ತಿದ್ದ ಆ ಹರಕು ಸಂದಿಗೆ ಜಮಾಲನ ಮೂಗನ್ನು ತಾಗಿಸಿ ಮಲಗಿಸಿದ್ದರು. ಒದ್ದೆ ಟವೆಲ್, ಅದರ ಮೇಲೆ ಜಾಕೆಟು, ಎರಡೂ ಜಮಾಲನ ಮೇಲಿದ್ದವು. ಜಮಾಲ್ ಬದುಕಿದ್ದ. ಇವರು ಪಕ್ಕದಲ್ಲಿ ಗೋಡೆಗೆ ಒರಗಿ, ಕಾಲು ಮಡಿಸಿ, ಒಂದು ಕೈಯನ್ನು ಅವನ ತಲೆಯ ಮೇಲಿಟ್ಟುಕೊಂಡು ಕೂತಿದ್ದರು. ಬಿದ್ದಿರಲಿಲ್ಲ. ಕೂತೇ ಇದ್ದರು.

ಮರುದಿನ ಒಂದು ಗಂಟೆಗೆ ಅವರ ಫೋನ್ ಬಡಿದುಕೊಂಡಿತು. ಅವರ ಸಾಮಾನು ಪ್ಲಾಸ್ಟಿಕ್ ಚೀಲವೊಂದರಲ್ಲಿ ನನ್ನ ಮೇಜಿನ ಮೇಲಿತ್ತು. ಅಧಿಕೃತ ಸುದ್ದಿ ಇನ್ನೂ ಅವರ ಊರಿಗೆ ಮುಟ್ಟಿರಲಿಲ್ಲ. ಆರು ಸಲ ಬಡಿದು ನಿಂತಿತು, ಮತ್ತೆ ಬಡಿಯಿತು. ಎತ್ತಿದೆ.

"ಅಣ್ಣ?" ತಂಗಿಯ ದನಿ.

ನಾನು ಯಾರೆಂದು ಹೇಳಿದೆ. ನಿಮ್ಮ ಅಣ್ಣ, ಎಂದೆ. ಮುಂದಿನ ಶಬ್ದ ಬಾಯಿಗೆ ಬರಲಿಲ್ಲ.

ಆ ಕಡೆ, ಹಿಂದೆ ಎಲ್ಲೋ ಹುಂಜವೊಂದು ಕೂಗಿತು. ಆಮೇಲೆ ಆಕೆ ಮೆಲ್ಲಗೆ ಕೇಳಿದರು, "ಹುಷಾರಿಲ್ಲವಾ?"

"ಹುಷಾರಿಲ್ಲ," ಎಂದೆ.

"ತುಂಬಾ?"

"ತುಂಬಾ."

ಆಕೆ ಅಳುವುದು ಕೇಳಿತು. ಅತ್ತು ಮುಗಿಸಿ, ಮೂಗು ಒರೆಸಿಕೊಂಡು, ಒಂದೇ ಒಂದು ಪ್ರಶ್ನೆ ಕೇಳಿದರು: "ಅವನ ಹತ್ತಿರ ಯಾರು ಕೂತಿದ್ದಾರೆ?"

"ನಾನು," ಎಂದೆ.

ನಾನು ಆಫೀಸಿನ ಕುರ್ಚಿಯಲ್ಲಿದ್ದೆ. ಅವರು ಆಸ್ಪತ್ರೆಯ ಶವಾಗಾರದಲ್ಲಿದ್ದರು. ಹಿಂದಿನ ಸಂಜೆಯಿಂದ ಅಲ್ಲಿ ಯಾರೂ ಹೋಗಿರಲಿಲ್ಲ.

"ಒಳ್ಳೆಯದು," ಆಕೆ ಅಂದರು. "ಅವನಿಗೆ ಕಾಫಿ ಕೊಡಿ. ಸಕ್ಕರೆ ಬೇಡ. ಮನೆಗೆ ಬಂದು ಮುಟ್ಟುವ ತನಕ ಒಬ್ಬನನ್ನೇ ಬಿಡಬೇಡಿ."

ಹೇಳಿದ ಸುಳ್ಳನ್ನು ನಿಜ ಮಾಡದೆ ಬೇರೆ ದಾರಿ ಇರಲಿಲ್ಲ. ಅರ್ಧ ದಿನ ರಜೆ ಹಾಕಿ ಹೊರಟೆ.

ಶವಾಗಾರದ ಬಾಗಿಲಲ್ಲಿ ಇದ್ದವರು ಕಾಸರಗೋಡಿನವರು, ನನ್ನ ಹೆಸರು ಕೇಳಿದ ಮೇಲೆ ಕನ್ನಡದಲ್ಲೇ ಶುರು ಮಾಡಿದರು. "ಒಳಗೆ ಬಿಡ್ಲಿಕ್ಕಿಲ್ಲ ಇವ್ರೇ. ಎಂತ ಆಗ್ಬೇಕು ನಿಮಗೆ ಅವರು?"

"ಒಟ್ಟಿಗೆ ಕೆಲಸ."

"ಪೇಪರ್ ಎಲ್ಲ ಆಗ್ಲಿಕ್ಕೆ ಮೂರು ವಾರ ಹಿಡೀತದೆ. ಸುಮ್ಮನೆ ಯಾಕೆ ಬರ್ತೀರಿ?"

"ಇಲ್ಲೇ ಕೂತುಕೊಳ್ಳುತ್ತೇನೆ. ಯಾರಾದರೂ ಕೂರಬೇಕು."

ಅವರು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೆಂಚಿನ ಮೇಲಿದ್ದ ಪೇಪರುಗಳನ್ನು ಸರಿಸಿದರು.

ಇಪ್ಪತ್ತಮೂರು ದಿನ ಹೋದೆ. ಕೆಲಸ ಮುಗಿಸಿ ನಾಲ್ಕೂವರೆಗೆ ಹೋಗಿ ಎಂಟರ ತನಕ. ಉಳಿದ ಹೊತ್ತಿಗೆ ಕಾಸರಗೋಡಿನವರು ಇದ್ದರು, ಅವರ ನಂತರ ಇನ್ನೊಬ್ಬರು. ಅಷ್ಟನ್ನು ತಂಗಿಗೆ ವಿವರಿಸಿ ಒಪ್ಪಿಸಿದ್ದೆ. ಎದುರಿಗೆ ಸ್ಟೀಲಿನ ಬಾಗಿಲು. ಅದರ ಹಿಂದೆ ಕಂಪ್ರೆಸರಿನ ಸದ್ದು, ನಮ್ಮ ಸ್ಟೋರಿನದ್ದೇ ರಾಗ. ಮೊದಲ ದಿನ ಏನು ಮಾತಾಡಬೇಕೆಂದು ತಿಳಿಯದೆ ಆ ದಿನ ಬಂದ ಲಾರಿಗಳ ವಿಷಯ ಹೇಳಿದೆ. ಎರಡನೆಯ ದಿನ ಮ್ಯಾನೇಜರರ ವಿಷಯ. ಒಂದು ಸಂಜೆ ಹೇಳುತ್ತಾ ಹೇಳುತ್ತಾ ಇದ್ದ ಹಾಗೆ ಸದ್ದು ಪಕ್ಕನೆ ನಿಂತಿತು. ನನ್ನ ಅಂಗೈ ತಾನಾಗಿ ಗೋಡೆಗೆ ಹೋಗಿ ಅಂಟಿಕೊಂಡಿತು. ಗೋಡೆ ತಣ್ಣಗಿತ್ತು, ಒಳಗೆ ಏನೋ ಕೇಳಿಸಿಕೊಳ್ಳುತ್ತಿರುವ ಹಾಗಿತ್ತು. ಸುಮಾರು ಒಂದು ನಿಮಿಷ. ಮತ್ತೆ ಸದ್ದು ಶುರುವಾದಾಗ ನಾನು ನಿಲ್ಲಿಸಿದ್ದ ವಾಕ್ಯವನ್ನು ಪೂರ್ತಿ ಮಾಡಿದೆ. ಬಾಗಿಲಿನವರು ಅದನ್ನು ನೋಡಿದ್ದರು. ಮರುದಿನದಿಂದ ನಾನು ಹೋದ ಕೂಡಲೇ, "ಇವತ್ತು ಪೇಷಂಟ್ ಆರಾಮ ಇದ್ದಾರೆ," ಎನ್ನತೊಡಗಿದರು. ತಮಾಷೆಗಲ್ಲ.

ಮನೆಯಲ್ಲಿ ನನಗೆ ನಿದ್ದೆ ಇರಲಿಲ್ಲ. ಫ್ರಿಜ್ಜಿನ ಸದ್ದು ನಿಂತಾಗಲೆಲ್ಲ ಎದ್ದು ಕೂರುತ್ತಿದ್ದೆ. ಹೆಂಡತಿ ಲವೀನಾ ಹಮದ್ ಟೌನಿನ ಕ್ಲಿನಿಕ್ಕೊಂದರಲ್ಲಿ ನರ್ಸ್, ಸುಲಭಕ್ಕೆ ಹೆದರುವವಳಲ್ಲ. ನಾನು ಎರಡು ಲೋಟ ಕಾಫಿಗೆಂದು ಪಾತ್ರೆ ಇಡುವುದನ್ನು ಒಂದು ವಾರ ನೋಡಿ ಕೊನೆಗೆ ಬಾಯಿಬಿಟ್ಟಳು.

"ನೀವು ಡಾಕ್ಟರನ್ನು ನೋಡಿ. ಸತ್ತವರಿಗೆ ಕಾಫಿ ಎಂತದಕ್ಕೆ?"

"ನವೆಂಬರಿನಲ್ಲಿ ನೀನು 'ಪಪ್ಪನ ಗೋರಿಗೆ ಕ್ಯಾಂಡಲ್ ಇಡಿಸಿ' ಅಂತ ಊರಿಗೆ ಫೋನ್ ಮಾಡುವುದಿಲ್ಲವಾ?"

"ಕ್ಯಾಂಡಲ್ ಬೇರೆ."

"ಹೇಗೆ ಬೇರೆ?"

ಮರುದಿನ ಎರಡು ಫ್ಲಾಸ್ಕಿಗೆ ಕಾಫಿ ತುಂಬಿಸಿ ಇಟ್ಟಿದ್ದಳು. "ಒಂದರಲ್ಲಿ ಸಕ್ಕರೆ ಇಲ್ಲ ಅಲ್ವಾ?" ಎಂದಷ್ಟೇ ಕೇಳಿದಳು. ಆ ಶುಕ್ರವಾರ ಇಗರ್ಜಿಯಲ್ಲಿ ನಾನು ರೋಗಿಗಳ ಪಟ್ಟಿಗೆ ಒಂದು ಹೆಸರು ಸೇರಿಸಿದೆ. ತಾಯಿಯ ಹೆಸರಿನ ಕೆಳಗೆ ಮಗನದು. ಪೇಪರಿನಲ್ಲಿ ಅಪಘಾತದ ಸುದ್ದಿ ಓದಿದ್ದ ಫಾದರ್ ಒಂದು ಗಳಿಗೆ ತಡೆದರು. ಆಮೇಲೆ ಎರಡನ್ನೂ ಓದಿದರು.

ಕೊನೆಯ ವಾರ ಜಮಾಲ್ ಬಂದ. ಕಣ್ಣು ಇನ್ನೂ ಕೆಂಪು, ದನಿ ಒಡೆದಿತ್ತು. ಬೆಂಚಿನ ತುದಿಯಲ್ಲಿ ಕೂತು ಬಹಳ ಹೊತ್ತು ಬಾಗಿಲು ನೋಡಿದ.

"ಅವರು ನನ್ನ ಜೊತೆ ಮಾತಾಡುತ್ತಲೇ ಇದ್ದರು, ಭಾಯ್," ಅಂದ. "ಅವರದೇ ಭಾಷೆಯಲ್ಲಿ. ನನಗೆ ಆ ಭಾಷೆ ಬರುವುದಿಲ್ಲ, ಆದರೂ ಗೊತ್ತಾಗುತ್ತಿತ್ತು. ಊಟ ಆಯಿತಾ, ಚಳಿಯಾಗುತ್ತದಾ. ಶಟರ್ ಕತ್ತರಿಸಿ ಬೆಳಕು ಬರುವ ತನಕ ನಿಲ್ಲಿಸಲೇ ಇಲ್ಲ."

ಡಾಕ್ಟರರು ನನಗೆ ಹೇಳಿದ್ದು ಬೇರೆ. ಒಳಗೆ ಹೋದ ಐದಾರು ನಿಮಿಷದಲ್ಲೇ ಅವರು ಹೋಗಿರಬೇಕು, ಅಷ್ಟು ಗ್ಯಾಸಿನಲ್ಲಿ ಅದಕ್ಕಿಂತ ಹೆಚ್ಚು ಸಾಧ್ಯವಿಲ್ಲ ಎಂದಿದ್ದರು. ಉಳಿದ ಇಪ್ಪತ್ತು ನಿಮಿಷ ಮಾತಾಡಿದ್ದು ಯಾರೆಂದು ನಾನು ಜಮಾಲನನ್ನು ಕೇಳಲಿಲ್ಲ. ಅಶ್ರಫನಿಗೆ ಹೇಳಿದಾಗ ಅವನು, "ಗ್ಯಾಸ್ ತಲೆಗೆ ಹತ್ತಿದ್ರೆ ಹಾಗೆಲ್ಲ ಕೇಳ್ತದೆ ಮಾರಾಯ್ರೆ," ಎಂದ. ಎಂದವನು ಅಂದಿನಿಂದ ಮೂರನೇ ಕೋಣೆಗೆ ಬಾಗಿಲು ಬಡಿಯದೆ ಹೋಗುವುದನ್ನು ನಾನು ನೋಡಿಲ್ಲ.

ಕಾಗದಗಳು ಮುಗಿದವು. ಈಗ ಹೆಸರಿನ ವಿಷಯ. ರಸ್ತೆಗಳಿಲ್ಲದ ಕಾಲದಲ್ಲಿ, ಅವರೇ ಹೇಳಿದ್ದು, ದೂರದ ಊರಲ್ಲಿ ಸತ್ತವರು ತಾವೇ ನಡೆದು ಮನೆಗೆ ಬರುತ್ತಿದ್ದರಂತೆ. ಮುಂದೆ ಒಬ್ಬ ತಿಳಿದವನು ನಡೆಯಬೇಕು. ಅವನು ಹಿಂದಿರುಗಿ ನೋಡಬಾರದು. ದಾರಿಯಲ್ಲಿ ಯಾರೂ ಆ ನಡೆಯುವವನನ್ನು ಹೆಸರು ಹಿಡಿದು ಕರೆಯಬಾರದು. ಕರೆದರೆ ಅಲ್ಲೇ ಕುಸಿದು ಬೀಳುತ್ತಾನೆ, ಮತ್ತೆ ಏಳುವುದಿಲ್ಲ. ತಂಗಿ ಫೋನಿನಲ್ಲಿ ಅದನ್ನೇ ನೆನಪಿಸಿದರು. ಹೊರಟ ಮೇಲೆ ಹೆಸರು ಹೇಳಬೇಡಿ, ಮುಂದೆ ಯಾರಾದರೂ ಇರಲಿ. ಅವರ ಜೊತೆಗೆ ಕಂಪನಿ ಯಾರನ್ನೂ ಕಳಿಸುತ್ತಿರಲಿಲ್ಲ. ನನ್ನ ಚಿಂತೆ ಕೇಳಿ ಅಶ್ರಫ್ ಹೇಳಿದ, "ಪೈಲಟ್ ಮುಂದೆ ಕೂತಿರ್ತಾನಲ್ಲ. ಅವನು ಹಿಂದೆ ತಿರುಗಿ ನೋಡುದೂ ಇಲ್ಲ." ತಂಗಿಗೆ ಅದನ್ನೇ ಹೇಳಿದೆ. ಆಕೆ ಯೋಚಿಸಿ, ಆಗಬಹುದು ಎಂದರು.

ಕಾರ್ಗೋ ಕೌಂಟರಿನಲ್ಲಿ ಗುಮಾಸ್ತ ಕಾಗದ ಎತ್ತಿ ಹಿಡಿದು ಆ ಹೆಸರನ್ನು ಗಟ್ಟಿಯಾಗಿ ಕೂಗಿದ. ಆದರೆ ಅವನ ಉಚ್ಚಾರ ಎಷ್ಟು ಕೆಟ್ಟದ್ದೆಂದರೆ ಅದು ಬೇರೆ ಯಾರದೋ ಹೆಸರಾಗಿತ್ತು. "ಹೌದು, ಅವರೇ," ಎಂದು ಬೇಗ ಸಹಿ ಹಾಕಿದೆ.

ಜಕಾರ್ತಾ, ಅಲ್ಲಿಂದ ಮಕಾಸ್ಸರ್, ಅಲ್ಲಿಂದ ಬೆಟ್ಟ ಹತ್ತುವ ರಸ್ತೆಯಲ್ಲಿ ಎಂಟೊಂಬತ್ತು ಗಂಟೆ. ಎರಡು ದಿನ ಸುದ್ದಿಯಿಲ್ಲ. ಆ ಎರಡು ದಿನ ನಾನು ಆಫೀಸಿನಲ್ಲಿ ಯಾರನ್ನೂ ಹೆಸರು ಹಿಡಿದು ಕರೆಯಲಿಲ್ಲ, ಜಮಾಲನನ್ನೂ. ಗುರುವಾರ ಒಂದು ಗಂಟೆಗೆ ಫೋನ್ ಬಂತು, ಈ ಸಲ ನನ್ನದೇ ನಂಬರಿಗೆ. ತಂಗಿ ಏನೂ ಮಾತಾಡದೆ ಕ್ಯಾಮೆರಾ ತಿರುಗಿಸಿದರು. ಅದೇ ಹಳದಿ ಬೆಳಕಿನ ಕೋಣೆ. ಪಶ್ಚಿಮಕ್ಕೆ ತಲೆ ಮಾಡಿ ಇಬ್ಬರು. ಸುತ್ತ ಕೂತು ಎಲೆಯಡಿಕೆ ಹಾಕುತ್ತಿದ್ದ ಏಳೆಂಟು ಹೆಂಗಸರು, ಗಂಡಸರು, ಒಬ್ಬಾಕೆ ಯಾವುದಕ್ಕೋ ನಗುತ್ತಿದ್ದಳು. ಚಪ್ಪರ ಬಿಚ್ಚಿದ್ದಾರಂತೆ. ಹಿರಿಯ ಮಗನಿಗೇ ಹುಷಾರಿಲ್ಲದ ಮೇಲೆ ತಾಯಿಯೂ ಕಾಯುತ್ತಾಳೆ. ಮುಂದಿನ ವರ್ಷವೋ, ಅದರ ಮುಂದಿನ ವರ್ಷವೋ, ಇಬ್ಬರನ್ನೂ ಒಟ್ಟಿಗೆ ಕಳಿಸಿಕೊಡುವುದು ಎಂದು ಮನೆಯವರು ತೀರ್ಮಾನಿಸಿದ್ದರು.

"ಏನಾದರೂ ಹೇಳಿ ಅವನಿಗೆ," ಎಂದರು ತಂಗಿ.

ನನಗೆ ತೋಚಿದ್ದು ಒಂದೇ. "ಆ ದಿನ ನಾನು ನಿಮ್ಮ ತೋಳು ಬಿಟ್ಟೆನಾ?" ಎಂದು ಕನ್ನಡದಲ್ಲೇ ಕೇಳಿದೆ. ಕೋಣೆಯಲ್ಲಿದ್ದವರೆಲ್ಲ ಸುಮ್ಮನಾಗಿ ಆ ಕಡೆ ತಿರುಗಿದರು, ಉತ್ತರಕ್ಕೆ ಕಾಯುವವರ ಹಾಗೆ. ನಾನೂ ಕಾದೆ. ಆಮೇಲೆ ತಂಗಿ ಫೋನನ್ನು ತಮ್ಮ ಮುಖದ ಕಡೆ ತಿರುಗಿಸಿಕೊಂಡರು.

"ಸಾಕು. ನೀವು ಇನ್ನು ಮಲಗಿ," ಅಂದರು. "ಇಲ್ಲಿ ನಾವಿದ್ದೇವೆ."

ಅವರ ಹೆಸರು ಬರೆಯಲು ಈಗ ಅಡ್ಡಿಯಿಲ್ಲ, ಮನೆ ಮುಟ್ಟಿ ಆಗಿದೆ. ಆದರೂ ಪೆನ್ನು ಏಳುವುದಿಲ್ಲ.

ಆ ಗುರುವಾರ ಒಂಬತ್ತಕ್ಕೆ ಹಾಸಿಗೆಗೆ ಹೋದದ್ದು ಗೊತ್ತು. ಕಣ್ಣು ಬಿಟ್ಟಾಗ ಶುಕ್ರವಾರದ ಬಿಸಿಲು ಪರದೆ ದಾಟಿ ಮಂಚಕ್ಕೆ ಬಂದಿತ್ತು. ಪೂಜೆಯ ಹೊತ್ತು ಮೀರಿತ್ತು. ಲವೀನಾ ಇಗರ್ಜಿಗೆ ಹೊರಟ ಸೀರೆಯಲ್ಲೇ, ಕೈಚೀಲವನ್ನು ಮಡಿಲಲ್ಲಿಟ್ಟುಕೊಂಡು, ಮಂಚದ ಪಕ್ಕದ ಕುರ್ಚಿಯಲ್ಲಿ ಕೂತಿದ್ದಳು.

"ನೀನು ಹೋಗಲಿಲ್ಲವಾ?" ಎಂದೆ.

"ಬಾಗಿಲ ತನಕ ಹೋಗಿದ್ದೆ," ಅಂದಳು. "ನೀವು ಮಲಗಿದ್ದಿರಲ್ಲ. ಬಂದು ಕೂತೆ."